ಹೆಡ್‌ರೆಸ್ಟ್ ಅಟ್ಟದ ಮೇಲಿದೆ

ದೊಡ್ಡಪ್ಪ: (ಫಾರ್ವರ್ಡ್ ಆಗಿದ್ದು) ಕಾರು ಓಡಿಸುವವರೆಲ್ಲ ತಪ್ಪದೆ ಓದಿ!! 1. ಬೆಳಿಗ್ಗೆ ಸ್ಟಾರ್ಟ್ ಮಾಡಿ 10 ನಿಮಿಷ ಎಂಜಿನ್ ಬಿಸಿಯಾಗಲು ಬಿಡಿ. 2. ಬೇಸಿಗೆಯಲ್ಲಿ ಟೈರ್‌ಗೆ 5 ಪಾಯಿಂಟ್ ಗಾಳಿ ಕಡಿಮೆ ಹಾಕಿಸಿ, ಇಲ್ಲದಿದ್ದರೆ ಸಿಡಿಯುತ್ತದೆ. 3. ಹತ್ತಿದ ಕೂಡಲೇ ಎಸಿ ಹಾಕಬೇಡಿ, ಡ್ಯಾಶ್‌ಬೋರ್ಡ್‌ನಿಂದ ವಿಷದ ಗಾಳಿ ಬರುತ್ತದೆ. 4. ಕನ್ನಡಿಯಲ್ಲಿ ಹಿಂದಿನ ರಸ್ತೆ ಪೂರ್ತಿ ಕಾಣಲು ಹಿಂಬದಿ ಸೀಟಿನ ಹೆಡ್‌ರೆಸ್ಟ್ ತೆಗೆದಿಡಿ. 5. ಏರ್‌ಬ್ಯಾಗ್ ಇದ್ದರೆ ಊರೊಳಗೆ ಬೆಲ್ಟ್ ಬೇಕಿಲ್ಲ. 6. ಹೊರಡುವ ಮುನ್ನ ಕಾರಿನ ಸುತ್ತ ಒಂದು ಸುತ್ತು ಬನ್ನಿ. ಕನಿಷ್ಠ 10 ಜನರಿಗೆ ಕಳಿಸಿ, ಒಂದು ಜೀವ ಉಳಿಸಿ.

ದೊಡ್ಡಪ್ಪ: ಎಲ್ಲರೂ ಓದಿ. ಬಹಳ ಉಪಯೋಗದ ಮಾಹಿತಿ. ನಾವು ನಾಳೆ ಬೆಳಗಿನ ಜಾವ 4ಕ್ಕೆ ಹೊರಡುತ್ತಿದ್ದೇವೆ, ಇದರಲ್ಲಿ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಇವತ್ತೇ ಮಾಡಿ ಮುಗಿಸಿದ್ದೇನೆ.

ಚಿಕ್ಕಪ್ಪ: ಸೂಪರ್ ಅಣ್ಣ.

ಅಕ್ಕ: ದೊಡ್ಡಪ್ಪ, 6 ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ತಪ್ಪು.

ದೊಡ್ಡಪ್ಪ: ಎಲ್ಲವೂ ತಪ್ಪಾ? ಬರೆದವರಿಗೆ ಅಷ್ಟೂ ಗೊತ್ತಿರುವುದಿಲ್ವಾ?

ನಾನು: ಬರೆದವರು ಯಾರು ದೊಡ್ಡಪ್ಪ?

ದೊಡ್ಡಪ್ಪ: ವಾಕಿಂಗ್ ಗುಂಪಿನಲ್ಲಿ ಬಂತು.

ಚಿಕ್ಕಪ್ಪ: ಗಾಳಿಯ ವಿಷಯ ಸರಿಯಾಗಿಯೇ ಇದೆ. ಬಿಸಿಯಾದರೆ ಗಾಳಿ ಹಿಗ್ಗುತ್ತದೆ, ಇದು ಶಾಲೆಯಲ್ಲೇ ಹೇಳಿಕೊಟ್ಟಿದ್ದು. ಹಿಗ್ಗಿದರೆ ಸಿಡಿಯುತ್ತದೆ. ಅದಕ್ಕೇ ಸ್ವಲ್ಪ ಕಡಿಮೆ. ಇದರಲ್ಲಿ ತಪ್ಪೇನು?

ಭಾವ: ಹಿಗ್ಗುವುದು ನಿಜ. ಟೈರಿನೊಳಗೆ 5-6 ಡಿಗ್ರಿ ಬಿಸಿ ಏರಿದರೆ ಸುಮಾರು 1 ಪಿಎಸ್‌ಐ, ಅಂದರೆ ನೀವು ಹೇಳುವ 1 ಪಾಯಿಂಟ್, ಏರುತ್ತದೆ. ಆದರೆ ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ ನೋಡಿ, ಅದರಲ್ಲಿರುವ ಅಂಕಿ ಟೈರ್ ತಣ್ಣಗಿದ್ದಾಗ ಎಷ್ಟಿರಬೇಕು ಅಂತ. ಓಡುವಾಗ ಏರುವುದನ್ನೆಲ್ಲ ಲೆಕ್ಕ ಹಾಕಿಯೇ ಕೊಟ್ಟಿರುತ್ತಾರೆ. ಟೈರ್ ಸಿಡಿಯುವುದಕ್ಕೆ ದೊಡ್ಡ ಕಾರಣ ಗಾಳಿ ಕಡಿಮೆ ಇರುವುದು. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಲೇ ಇದ್ದರೆ ಬಿಸಿಯಾಗಿ ಪಟ್ಟಂತ ತುಂಡಾಗುತ್ತದಲ್ಲ, ಹಾಗೇ ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಜಾಸ್ತಿ ಮಡಚಿ, ಜಾಸ್ತಿ ಬಿಸಿಯಾಗಿ, ಒಳಗಿನ ಪದರ ಬಿಟ್ಟುಕೊಂಡು, ನಾವು ಜೋರಾಗಿ ಹೋಗುತ್ತಿರುವಾಗಲೇ ಕೈ ಕೊಡುತ್ತದೆ. ಬೇಸಿಗೆ, ತುಂಬಿದ ಕಾರು, ಕಡಿಮೆ ಗಾಳಿ. ಮೂರೂ ಸೇರಿದರೆ ಕಥೆ ಮುಗಿಯಿತು.

ಚಿಕ್ಕಪ್ಪ: ನಾನು 30 ವರ್ಷದಿಂದ ಓಡಿಸುತ್ತಿದ್ದೇನೆ ಅಳಿಯಂದಿರೇ. ಏನೂ ಆಗಿಲ್ಲ.

ಅಕ್ಕ: ಚಿಕ್ಕಪ್ಪ ಪ್ರತಿ ಮಾತಿಗೂ ಇದನ್ನೇ ಹೇಳುತ್ತಾರೆ.

ದೊಡ್ಡಪ್ಪ: ಹಾಗಾದರೆ ಇವತ್ತು ಸಂಜೆ ನಾನು ಇಳಿಸಿದ 5 ಪಾಯಿಂಟ್?

ಭಾವ: ಇಳಿಸಿಯೇ ಬಿಟ್ಟಿರಾ ಮಾವ? ಕಾರು ಓಡಿಸಿಕೊಂಡು ಬಂದ ಕೂಡಲೇ ಇಳಿಸಿದಿರಾ, ನಿಲ್ಲಿಸಿ ಹೊತ್ತಾದ ಮೇಲಾ?

ದೊಡ್ಡಪ್ಪ: ಓಡಿಸಿಕೊಂಡು ಬಂದ ಕೂಡಲೇ. ಮೀಟರ್ 36 ತೋರಿಸಿತು, 31ಕ್ಕೆ ತಂದೆ. ಚೀಟಿಯಲ್ಲಿ 33 ಇದೆ.

ಭಾವ: ಹಾಗಾದರೆ ತಣ್ಣಗಾದಾಗ 33 ಇದ್ದದ್ದೇ 36 ತೋರಿಸಿತ್ತು. ಈಗ ಪೂರ್ತಿ ತಣ್ಣಗಾದರೆ 28ರ ಹತ್ತಿರ ಇರುತ್ತದೆ. ಬೆಳಿಗ್ಗೆ ಹೊರಡುವ ಮೊದಲು 33 ಮಾಡಿಸಿ. ಸಾಮಾನು, ಜನ ತುಂಬಿದ್ದರೆ ಅದೇ ಚೀಟಿಯಲ್ಲಿ ಬೇರೆ ಅಂಕಿ ಇರುತ್ತದೆ, ಅದನ್ನು ನೋಡಿ. ಟೈರಿನ ಮೈಮೇಲೆ ಬರೆದಿರುವ ಅಂಕಿ ಬೇಡ, ಅದು ಟೈರ್ ತಡೆಯುವ ಗರಿಷ್ಠ ಒತ್ತಡ. ಸ್ಟೆಪ್ನಿಯನ್ನೂ ಮರೆಯಬೇಡಿ. ಎಲ್ಲರೂ ಮರೆಯುವುದು ಅದನ್ನೇ, ನಾನೂ ಸೇರಿ.

ದೊಡ್ಡಪ್ಪ: ಟೈರ್ ಮಾತ್ರ ಚೆನ್ನಾಗಿದೆ. ಗ್ರಿಪ್ ಹೊಸದರ ಹಾಗಿದೆ.

ನಾನು: ಎಷ್ಟು ವರ್ಷದ್ದು ದೊಡ್ಡಪ್ಪ? ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾಗಿದ್ದು. ಓಡಿಸದೆ ನಿಲ್ಲಿಸಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಗ್ರಿಪ್ ಮಾತ್ರ ನೋಡಿದರೆ ಅದು ಗೊತ್ತಾಗುವುದಿಲ್ಲ.

ದೊಡ್ಡಪ್ಪ: ಇಷ್ಟು ಹೊತ್ತಿನಲ್ಲಿ ಟಾರ್ಚ್ ಹಿಡಿದು ಕೂರಲಾ?

ಅತ್ತೆ: ಕೂರು ಅಣ್ಣ. ಹೊರಡುವುದು ನೀನೇ ಅಲ್ವಾ.

ಚಿಕ್ಕಪ್ಪ: ಎಸಿ ವಿಷಯ ಆದರೂ ನಿಜ ಅಂತ ಒಪ್ಪಿಕೊಳ್ಳಿ. ಬೆಂಜೀನ್. ಕ್ಯಾನ್ಸರ್ ಬರುತ್ತದೆ. ಇದು ಎಷ್ಟು ವರ್ಷದಿಂದ ಓಡಾಡುತ್ತಿರುವ ಮೆಸೇಜು.

ಅಕ್ಕ: ಬಹಳ ವರ್ಷ ಓಡಾಡಿದರೆ ಸುಳ್ಳು ಸತ್ಯ ಆಗುತ್ತದಾ ಚಿಕ್ಕಪ್ಪ? ಬೆಂಜೀನ್ ಕೆಟ್ಟದ್ದು, ಸರಿ. ಅದು ಪೆಟ್ರೋಲಿನಲ್ಲಿದೆ, ಹೊಗೆಯಲ್ಲಿದೆ. ಬಿಸಿಲಲ್ಲಿ ನಿಂತ ಕಾರಿನ ಕಿಟಕಿ ಒಂದೆರಡು ನಿಮಿಷ ತೆಗೆಯುವುದು ಒಳ್ಳೆಯದೇ, ಒಳಗಿನ ಬಿಸಿ ಬೇಗ ಹೋಗುತ್ತದೆ. ಅಷ್ಟಕ್ಕೆ ಕ್ಯಾನ್ಸರ್ ಅಂತ ಹೆದರಿಸುವುದು ಯಾಕೆ?

ಭಾವ: ನನಗೆ ನಗು ಬಂದದ್ದು ಬೇರೆ ಕಾರಣಕ್ಕೆ. 3ನೇ ಅಂಶ ಇಲ್ಲದ ವಿಷಕ್ಕೆ ಹೆದರಿಸುತ್ತದೆ. 1ನೇ ಅಂಶ ನಿಜವಾದ ವಿಷ ತಯಾರು ಮಾಡಿ ಅನ್ನುತ್ತದೆ. ಶೆಡ್ಡಿನೊಳಗೆ ಕಾರು ಸ್ಟಾರ್ಟ್ ಮಾಡಿ 10 ನಿಮಿಷ ಬಿಟ್ಟರೆ ಕಾರ್ಬನ್ ಮೋನಾಕ್ಸೈಡ್ ತುಂಬಿಕೊಳ್ಳುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಬಾಗಿಲು ಅರ್ಧ ತೆಗೆದಿದ್ದರೂ ನಂಬುವ ಹಾಗಿಲ್ಲ.

ದೊಡ್ಡಪ್ಪ: ನಮ್ಮ ಹಳೇ ಕಾರು ಬಿಸಿ ಮಾಡದೆ ಕದಲುತ್ತಲೇ ಇರಲಿಲ್ಲ.

ಭಾವ: ಅದು ಕಾರ್ಬುರೇಟರ್ ಗಾಡಿ ಮಾವ, ಚೋಕ್ ಎಳೆಯಬೇಕಿತ್ತು. ಈಗಿನದು ಫ್ಯುಯೆಲ್ ಇಂಜೆಕ್ಷನ್. ಅರ್ಧ ನಿಮಿಷ ಸಾಕು, ಆಮೇಲೆ ಮೊದಲ ಕೆಲವು ನಿಮಿಷ ಜೋರಾಗಿ ಎಳೆಯದೆ ಮೆಲ್ಲಗೆ ಹೋದರೆ ಎಂಜಿನ್, ಗೇರ್‌ಬಾಕ್ಸ್, ಟೈರ್ ಎಲ್ಲವೂ ಒಟ್ಟಿಗೆ ಬಿಸಿಯಾಗುತ್ತವೆ. ನಿಲ್ಲಿಸಿ ಉರಿಸಿದರೆ ಎಂಜಿನ್ ಒಂದೇ ಬಿಸಿಯಾಗುವುದು.

ಪುಟ್ಟಿ: ಆ ಅರ್ಧ ನಿಮಿಷಕ್ಕೂ ಕೆಲಸ ಇದೆ. ನಮ್ಮ ಡ್ರೈವಿಂಗ್ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದು. ಕೀ ಆನ್ ಮಾಡಿದಾಗ ಎಚ್ಚರಿಕೆಯ ದೀಪಗಳು ಒಮ್ಮೆ ಹತ್ತಿ, ಆಮೇಲೆ ಆರಬೇಕು. ಹತ್ತಿದ್ದು ಆರದಿದ್ದರೆ ತೊಂದರೆ, ಅದು ಎಲ್ಲರಿಗೂ ಗೊತ್ತು. ಆದರೆ ಏರ್‌ಬ್ಯಾಗ್ ದೀಪ ಹತ್ತಲೇ ಇಲ್ಲ ಅಂದರೂ ತೊಂದರೆಯೇ.

ನಾನು: ಇದು ನನಗೂ ಗೊತ್ತಿರಲಿಲ್ಲ.

ಪುಟ್ಟಿ: ಇನ್ನೊಂದು. ಸ್ಟಾರ್ಟ್ ಮಾಡುವ ಮೊದಲೇ ಬ್ರೇಕನ್ನು ನಾಲ್ಕೈದು ಸಲ ಒತ್ತಿದರೆ ಪೆಡಲ್ ಗಟ್ಟಿಯಾಗುತ್ತದೆ. ಒತ್ತಿಕೊಂಡೇ ಸ್ಟಾರ್ಟ್ ಮಾಡಿದರೆ ಅದು ಸ್ವಲ್ಪ ಕೆಳಗಿಳಿಯಬೇಕು. ಇಳಿದರೆ ಬೂಸ್ಟರ್, ಅಂದರೆ ನಾವು ಒತ್ತುವ ಬಲವನ್ನು ಹೆಚ್ಚಿಸುವ ಭಾಗ, ಕೆಲಸ ಮಾಡುತ್ತಿದೆ ಅಂತ ಅರ್ಥ. ಹೊರಟ ಮೇಲೆ ಹತ್ತು ಮೀಟರಿನಲ್ಲೇ ಒಮ್ಮೆ ಮೆಲ್ಲಗೆ ಬ್ರೇಕ್ ಹಾಕಿ ನೋಡಬೇಕು.

ಚಿಕ್ಕಪ್ಪ: ಮೊನ್ನೆ ಸ್ಟೇರಿಂಗ್ ಹಿಡಿದವಳು ನಮಗೆ ಪಾಠ ಮಾಡುತ್ತಿದ್ದಾಳೆ.

ಪುಟ್ಟಿ: ಅಪ್ಪಾ, ನಿಮ್ಮ ಬೆಲ್ಟಿನ ವಿಷಯ ಹೇಳಲಾ?

ಚಿಕ್ಕಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಅತ್ತೆ: ಏನದು? ಹೇಳು ಪುಟ್ಟಿ.

ಪುಟ್ಟಿ: ಸದ್ದು ಮಾಡುತ್ತದೆ ಅಂತ ಬೆಲ್ಟನ್ನು ಬೆನ್ನ ಹಿಂದಿನಿಂದ ಹಾಯಿಸಿ ಸಿಕ್ಕಿಸಿಟ್ಟಿದ್ದಾರೆ. ಅದರ ಮುಂದೆ ಕೂತುಕೊಳ್ಳುತ್ತಾರೆ.

ಅಕ್ಕ: 30 ವರ್ಷದ ಅನುಭವ!

ಚಿಕ್ಕಪ್ಪ: ಏರ್‌ಬ್ಯಾಗ್ ಇದೆ ಕಣೇ. ಬೆಲ್ಟ್ ಎಲ್ಲ ಈಚೆಗೆ ಬಂದ ಕಾನೂನು.

ಭಾವ: ಈಚೆಗೆ ಏನಲ್ಲ ಮಾವ. ಈಗ ನಾವು ಹಾಕುವ ಮೂರು ಕಡೆ ಹಿಡಿಯುವ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ಮಾಡಿದ್ದು. ಪೇಟೆಂಟ್ ಇದ್ದರೂ ಬೇರೆ ಕಂಪನಿಗಳೂ ಬಳಸಲಿ ಅಂತ ಬಿಟ್ಟುಕೊಟ್ಟರು. ಏರ್‌ಬ್ಯಾಗ್ ಮೇಲೆ ಎಸ್‌ಆರ್‌ಎಸ್ ಅಂತ ಬರೆದಿರುತ್ತದೆ, ಅದರ ಮೊದಲ ಎಸ್ ಅಂದರೆ ಪೂರಕ. ಬೆಲ್ಟಿಗೆ ಪೂರಕ. ಅದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಸಿಡಿದು ತೆರೆದುಕೊಳ್ಳುತ್ತದೆ. ಬೆಲ್ಟ್ ಇಲ್ಲದೆ ನೀವು ಮುಂದಕ್ಕೆ ಹಾರಿದಿರಿ, ಅದೇ ಹೊತ್ತಿಗೆ ಅದು ನಿಮ್ಮ ಕಡೆ ಸಿಡಿಯಿತು. ಎದೆಗೆ ಗುದ್ದು.

ಅತ್ತೆ: ನಾನು ಕುಳ್ಳಿ. ಸ್ಟೇರಿಂಗ್‌ಗೆ ಅಂಟಿಕೊಂಡೇ ಕೂರುವುದು. ನನ್ನ ಗತಿ?

ಭಾವ: ಎದೆಗೂ ಸ್ಟೇರಿಂಗ್ ನಡುವಿಗೂ 25 ಸೆಂ.ಮೀ. ಇರಲಿ ಅತ್ತೆ. ಸೀಟ್ ಹಿಂದೆ ಸರಿಸಿದರೆ ಪೆಡಲ್ ಎಟುಕುವುದಿಲ್ಲ ಅಂದರೆ ಬೆನ್ನನ್ನು ಸ್ವಲ್ಪ ಒರಗಿಸಿ, ಸೀಟ್ ಎತ್ತರಿಸಿ. ಬ್ರೇಕ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಗ್ಗಿರಬೇಕು. ಭುಜ ಸೀಟಿಗೆ ತಾಗಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗ್ ಮೇಲೆ ಕೂರಬೇಕು. ಕನ್ನಡಿ ಸರಿ ಮಾಡುವುದು ಇದೆಲ್ಲ ಆದ ಮೇಲೆ. ಮೊದಲೇ ಮಾಡಿದರೆ ಸೀಟ್ ಸರಿಸಿದಾಗ ಮತ್ತೆ ತಪ್ಪುತ್ತದೆ.

ಅತ್ತೆ: ಕೆಳಗಿನ ಬೆಲ್ಟ್ ಹೊಟ್ಟೆ ಮೇಲಾ, ಕೆಳಗಾ? ಮಗಳು ಗರ್ಭಿಣಿ, ಬೆಲ್ಟ್ ಬೇಡ ಅನ್ನುತ್ತಾಳೆ.

ಅಕ್ಕ: ಅವಳಿಗಂತೂ ಬೇಕೇ ಬೇಕು ಅತ್ತೆ. ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ, ಸೊಂಟದ ಮೂಳೆ ಮೇಲೆ. ಮೇಲಿನದು ಎರಡು ಎದೆಯ ನಡುವೆ ಹಾದು ಹೊಟ್ಟೆಯ ಪಕ್ಕದಿಂದ. ಹೊಟ್ಟೆಯ ಮೇಲೆ ಹಾಯಬಾರದು ಅಷ್ಟೇ.

ನಾನು: ಒಂದು ನಿಮಿಷ. 4ನೇ ಅಂಶದ ಬಗ್ಗೆ ಯಾರೂ ಮಾತಾಡಲಿಲ್ಲ. ದೊಡ್ಡಪ್ಪ, ನೀವು ಹಿಂಬದಿ ಹೆಡ್‌ರೆಸ್ಟ್ ತೆಗೆದಿದ್ದೀರಾ?

ದೊಡ್ಡಪ್ಪ: ಅದು ಇವತ್ತಲ್ಲ. ಕಾರು ತಂದ ವರ್ಷವೇ ತೆಗೆದು ಅಟ್ಟದ ಮೇಲಿಟ್ಟೆ. ಹಿಂದಿನ ರಸ್ತೆ ಎಷ್ಟು ಚೆನ್ನಾಗಿ ಕಾಣುತ್ತದೆ ಗೊತ್ತಾ?

ನಾನು: ನಾಳೆ ಹಿಂದೆ ಕೂರುವುದು ಯಾರು?

ದೊಡ್ಡಪ್ಪ: ಅಮ್ಮ.

ನಾನು: ಯಾರಾದರೂ ಹಿಂದಿನಿಂದ ಗುದ್ದಿದರೆ ಸೀಟು ಅಜ್ಜಿಯ ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ. ತಲೆ ಅಲ್ಲೇ ಉಳಿಯುತ್ತದೆ. ಕುತ್ತಿಗೆ ಹಿಂದಕ್ಕೆ ಮಡಚಿ ಆಮೇಲೆ ಮುಂದಕ್ಕೆ ಚಾಟಿಯ ಹಾಗೆ ಬೀಸುತ್ತದೆ. ಅದನ್ನು ತಡೆಯುವುದಕ್ಕೇ ಹೆಡ್‌ರೆಸ್ಟ್ ಇರುವುದು, ಒರಗಿ ನಿದ್ದೆ ಮಾಡುವುದಕ್ಕಲ್ಲ. ಮೇಲಂಚು ನೆತ್ತಿಯ ಮಟ್ಟಕ್ಕೆ ಬರಬೇಕು, ಕಡೇಪಕ್ಷ ಕಿವಿಯ ಮೇಲ್ಭಾಗಕ್ಕಾದರೂ. ತಲೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು.

ದೊಡ್ಡಪ್ಪ: ಇಷ್ಟು ವರ್ಷ ಯಾರೂ ಹೇಳಲಿಲ್ಲ.

ಅತ್ತೆ: ಹೇಳಿದ್ದೆ. ಅಟ್ಟ ಗುಡಿಸುವಾಗ ಇದು ಯಾವ ದಿಂಬು ಅಂತ ಕೇಳಿದ್ದೆ, ನೀನು ಬಾಯಿ ಮುಚ್ಚಿಸಿದೆ.

ಚಿಕ್ಕಪ್ಪ: ಹಿಂದೆ ಕಾಣುವುದು ಬೇಡವಾ ಹಾಗಾದರೆ?

ಪುಟ್ಟಿ: ಹಿಂದೆ ಯಾರೂ ಇಲ್ಲದಿದ್ದಾಗ ಕೆಳಕ್ಕೆ ಒತ್ತಿಡಬಹುದಲ್ವಾ ಅಪ್ಪ. ಪಕ್ಕದ ಎರಡು ಕನ್ನಡಿ ಯಾಕಿರುವುದು? ಪೂರ್ತಿ ಹೊರಕ್ಕೆ ತಿರುಗಿಸಿ, ನಮ್ಮ ಕಾರಿನ ಮೈ ಅಂಚಿನಲ್ಲಿ ಕೂದಲೆಳೆಯಷ್ಟು ಕಂಡರೆ ಸಾಕು. ನೀವು ಅರ್ಧ ಕನ್ನಡಿ ನಮ್ಮ ಬಾಗಿಲನ್ನೇ ನೋಡುತ್ತೀರಿ.

ಅತ್ತೆ: ಅಣ್ಣ, ಅದು ಬಿಡು. ನೀನು ಸಂಜೆಯಿಂದ ಸೀನುತ್ತಿದ್ದೆಯಲ್ಲ. ಮಾತ್ರೆ ತಗೊಂಡೆಯಾ?

ದೊಡ್ಡಪ್ಪ: ಊಟ ಆದ ಮೇಲೆ ಒಂದು. ಬೆಳಿಗ್ಗೆ ಹೊರಡುವಾಗ ಇನ್ನೊಂದು.

ಅಕ್ಕ: ಹೆಸರೇನು?

ದೊಡ್ಡಪ್ಪ: ಚೀಟಿ ನೋಡಿದೆ. ಕ್ಲೋರ್‌ಫೆನಿರಮೈನ್ ಅಂತಿದೆ.

ಅಕ್ಕ: ನಿದ್ದೆ ತರಿಸುವ ಮಾತ್ರೆ ದೊಡ್ಡಪ್ಪ ಅದು. ಅದನ್ನು ತಗೊಂಡು ಸ್ಟೇರಿಂಗ್ ಮುಟ್ಟಬಾರದು ಅಂತ ಚೀಟಿಯಲ್ಲೇ ಬರೆದಿರುತ್ತದೆ, ಆ ಸಾಲೂ ಓದಿ. ಇವತ್ತು ಎಷ್ಟು ಗಂಟೆಗೆ ಎದ್ದಿರಿ?

ದೊಡ್ಡಪ್ಪ: 5ಕ್ಕೆ. ಯಾವಾಗಲೂ 5ಕ್ಕೇ.

ಅಕ್ಕ: ಈಗ ರಾತ್ರಿ 10. 17 ಗಂಟೆ ಎಚ್ಚರವಾಗಿದ್ದೀರಿ. ಅಷ್ಟು ಹೊತ್ತು ಎದ್ದಿದ್ದವರ ಮೈ ಮನಸ್ಸು ರಕ್ತದಲ್ಲಿ 0.05 ಶೇಕಡ ಮದ್ಯ ಇದ್ದವರಷ್ಟೇ ಮಂದವಾಗಿರುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ನೀವು ಇನ್ನು ಟೈರ್ ನೋಡಿ, ಅಟ್ಟ ಹತ್ತಿ, ಈ ಗುಂಪಿನಲ್ಲಿ ಜಗಳ ಮುಗಿಸಿ, 12ಕ್ಕೆ ಮಲಗಿ 3ಕ್ಕೆ ಏಳುತ್ತೀರಿ. ಬೆಳಗಿನ ಜಾವ 2ರಿಂದ 6 ದೇಹ ನಿದ್ದೆ ಬೇಡುವ ಹೊತ್ತು. ಮೇಲೆ ಈ ಮಾತ್ರೆ. ಕಾರಿಗೆ ಇಷ್ಟೆಲ್ಲ ಮಾಡಿ ಓಡಿಸುವವನಿಗೇ ಏನೂ ಮಾಡದಿದ್ದರೆ ಹೇಗೆ?

ಚಿಕ್ಕಪ್ಪ: ಕಿಟಕಿ ತೆಗೆದರೆ, ಹಾಡು ಹಾಕಿದರೆ ನಿದ್ದೆ ಹೋಗುತ್ತದೆ.

ಭಾವ: ಹೋಗುವುದಿಲ್ಲ. ಐದು ನಿಮಿಷ ಹೋದ ಹಾಗೆ ಅನ್ನಿಸುತ್ತದೆ. 80ರಲ್ಲಿ ಹೋಗುವಾಗ 4 ಸೆಕೆಂಡ್ ಕಣ್ಣು ಮುಚ್ಚಿದರೆ ಕಾರು ಸುಮಾರು 90 ಮೀಟರ್ ತಾನೇ ಹೋಗಿರುತ್ತದೆ. ತೂಕಡಿಕೆ ಬಂದರೆ ನಿಲ್ಲಿಸಿ ಕಾಫಿ ಕುಡಿದು 15-20 ನಿಮಿಷ ಮಲಗಬೇಕು, ಏಳುವ ಹೊತ್ತಿಗೆ ಕಾಫಿ ಕೆಲಸ ಶುರು ಮಾಡಿರುತ್ತದೆ. ಅದೂ ಸ್ವಲ್ಪ ಹೊತ್ತಿಗಷ್ಟೇ.

ದೊಡ್ಡಪ್ಪ: 4ಕ್ಕೆ ಹೊರಟರೆ ರಸ್ತೆ ಖಾಲಿ ಇರುತ್ತದೆ ಅಂತ.

ಅತ್ತೆ: 8ಕ್ಕೆ ಹೊರಡು. ಬೆಳಿಗ್ಗೆ ಮಾತ್ರೆ ಬೇಡ, ಮೂಗು ಸೋರಲಿ. ಆಗಲೂ ತಲೆ ಭಾರ ಇದ್ದರೆ ಅತ್ತಿಗೆ ಓಡಿಸಲಿ, ಅವರಿಗೂ ಲೈಸೆನ್ಸ್ ಇದೆ.

ದೊಡ್ಡಪ್ಪ: ಅವಳು ಓಡಿಸಿದರೆ ನನಗೆ ನಿದ್ದೆ ಬರುವುದಿಲ್ಲ.

ದೊಡ್ಡಮ್ಮ: ಓದುತ್ತಿದ್ದೇನೆ.

ದೊಡ್ಡಪ್ಪ: ಸರಿ. 8ಕ್ಕೆ.

ಚಿಕ್ಕಪ್ಪ: 6ನೇದಾದರೂ ಸರಿ ಅಂದಿರಲ್ಲ, ಅದನ್ನು ಹೇಳಿ ಮುಗಿಸಿ. ಸುತ್ತು ಬಂದು ನೋಡುವುದು ಏನನ್ನ?

ನಾನು: ಮುಖ್ಯವಾಗಿ ಹಿಂದೆ ಮಗು ಇದೆಯಾ ಅಂತ. ಅಂಬೆಗಾಲಿಡುವ ಮಗು ಯಾವ ಕನ್ನಡಿಗೂ ಕಾಣುವುದಿಲ್ಲ. ಆಮೇಲೆ ಕೆಳಗೆ ಎಣ್ಣೆ ತೊಟ್ಟಿಕ್ಕಿದೆಯಾ, ಟೈರ್ ಕೂತಿದೆಯಾ, ದೀಪ ಒಡೆದಿದೆಯಾ. ಬ್ರೇಕ್ ದೀಪ ನೋಡಲು ಜೊತೆಗೆ ಯಾರೂ ಇಲ್ಲದಿದ್ದರೆ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ ಒತ್ತಿ, ಕೆಂಪು ಬೆಳಕು ಗೋಡೆ ಮೇಲೆ ಬೀಳುತ್ತದೆ. ಒಳಗೆ ಬಂದ ಮೇಲೆ ಕಾಲಿನ ಹತ್ತಿರ ನೀರಿನ ಬಾಟಲಿ ಇರಬಾರದು. ನಾನು ಒಮ್ಮೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಕೆಳಗೆ ಹೋಗಲೇ ಇಲ್ಲ. ಬಾಟಲಿ ಉರುಳಿಕೊಂಡು ಹೋಗಿ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಅದೃಷ್ಟಕ್ಕೆ ವೇಗ ಇರಲಿಲ್ಲ, ಕಾಲಲ್ಲಿ ಒದ್ದು ಸರಿಸಿದೆ. ಅವತ್ತಿನಿಂದ ನನ್ನ ಕಾರಿನಲ್ಲಿ ಬಾಟಲಿ ಬಾಗಿಲಿನ ಜೇಬಿನಲ್ಲೇ.

ಪುಟ್ಟಿ: ಅಪ್ಪ ಒಂದು ಮ್ಯಾಟ್ ಮೇಲೆ ಇನ್ನೊಂದು ಮ್ಯಾಟ್ ಹಾಕಿದ್ದಾರೆ.

ಚಿಕ್ಕಪ್ಪ: ನಿನಗೆ ನಾಳೆಯಿಂದ ಕಾರಿನ ಕೀ ಇಲ್ಲ.

ದೊಡ್ಡಪ್ಪ: (ಫೋಟೋ) ಅಟ್ಟದಿಂದ ಇಳಿಸಿ ಒರೆಸಿ ಹಾಕಿದೆ. ಅಮ್ಮನನ್ನು ಕೂರಿಸಿ ಎತ್ತರವೂ ನೋಡಿದೆ. ಸಮಾಧಾನ ಆಯ್ತಾ ಎಲ್ಲರಿಗೂ? ಮಲಗುತ್ತೇನೆ.

ಭಾವ: ಮಾವ, ಹಿಂದುಮುಂದಾಗಿ ಹಾಕಿದ್ದೀರಿ. ಉಬ್ಬಿರುವ ಕಡೆ ಮುಂದೆ ಬರಬೇಕು.

ದೊಡ್ಡಪ್ಪ: ಅದಕ್ಕೇ ಅಮ್ಮ ತಲೆಗೆ ತಾಗುವುದೇ ಇಲ್ಲ ಅಂದದ್ದು. ನನ್ನ ತಲೆಯೇ ಚಿಕ್ಕದಾಯ್ತೇನೋ ಅಂತ ಕೇಳುತ್ತಿದ್ದರು.