ಹಚ್ಚೆಗೆ ಒಂದು ಪದ ಬೇಕು: ‘ದ್ವಿಲಿಂಗಿ’ ಬಿಟ್ಟರೆ ಬೇರೆ ಏನಿದೆ?

ಎಲ್ಲರಿಗೂ ನಮಸ್ಕಾರ.

ಎಡಗೈ ಮಣಿಕಟ್ಟಿನ ಒಳಬದಿಗೆ ಒಂದು ಹಚ್ಚೆ ಹಾಕಿಸಿಕೊಳ್ಳಬೇಕು ಅಂತ ಎರಡು ವರ್ಷದಿಂದ ಆಸೆ. ನಾನು ಬೈಸೆಕ್ಷುಯಲ್. ಹೆಂಗಸರ ಮೇಲೂ ಗಂಡಸರ ಮೇಲೂ ನನಗೆ ಮನಸ್ಸಾಗಿದೆ. ಈಗ ಮದುವೆಯಾಗಿ ಏಳು ವರ್ಷ, ಗಂಡನಿಗೆ ಎಲ್ಲವೂ ಗೊತ್ತು. ಆದರೆ ಗೊತ್ತಿರುವ ಉಳಿದವರು ಹೇಳುವುದು ಒಂದೇ ಮಾತು: “ಮದುವೆ ಆಯ್ತಲ್ಲ, ಇನ್ನೇನು ಅದೆಲ್ಲ?” ಮದುವೆಯಾದರೆ ನಾನು ಬೇರೆಯವಳಾಗುತ್ತೇನೆ ಅನ್ನುವ ಹಾಗೆ. ಅದಕ್ಕೇ ಮೈಮೇಲೆ ಒಂದು ಗುರುತು ಇರಲಿ ಅಂತ. ಗುರುತು ಕನ್ನಡದಲ್ಲೇ ಇರಬೇಕು. ನಾನು ಪ್ರೀತಿಸಿದ್ದು, ಮುನಿಸಿಕೊಂಡದ್ದು, ಅತ್ತದ್ದು ಎಲ್ಲ ಈ ಭಾಷೆಯಲ್ಲೇ. ಆದರೆ ಸರಿಯಾದ ಪದ ಸಿಗುತ್ತಿಲ್ಲ.

ಚಿತ್ರ ಸಾಕಲ್ವಾ, ಪದ ಯಾಕೆ ಅಂತ ಕೇಳಬಹುದು. ಚಿತ್ರಗಳಿವೆ. ಮೈಕೆಲ್ ಪೇಜ್ ಅನ್ನುವವರು 1998ರ ಡಿಸೆಂಬರ್‌ನಲ್ಲಿ ಹೊರತಂದ ನಮ್ಮಂಥವರ ಬಾವುಟ ಎಲ್ಲಕ್ಕಿಂತ ಜಾಸ್ತಿ ಪರಿಚಿತ. ಮೇಲೆ ಗುಲಾಬಿ, ಕೆಳಗೆ ನೀಲಿ, ನಡುವೆ ಸಣ್ಣದಾಗಿ ನೇರಳೆ. ಅಳತೆ ಮೇಲಿಂದ ಕೆಳಗೆ ನೂರಕ್ಕೆ 40, 20, 40. ಗುಲಾಬಿ ತನ್ನದೇ ಲಿಂಗದವರ ಮೇಲಿನ ಒಲವಿಗೆ, ನೀಲಿ ಬೇರೆ ಲಿಂಗದವರ ಮೇಲಿನ ಒಲವಿಗೆ, ನೇರಳೆ ಎರಡೂ ಸೇರುವ ಜಾಗಕ್ಕೆ. ಆ ನೇರಳೆ ಎರಡೂ ಕಡೆಯ ಬಣ್ಣದಲ್ಲಿ ಕರಗಿ ಕಣ್ಣಿಗೆ ಬೀಳದೆ ಹೋಗುತ್ತದೆ, ನಮ್ಮಂಥವರೂ ಹಾಗೇ ಯಾರ ಕಣ್ಣಿಗೂ ಬೀಳುವುದಿಲ್ಲ ಅಂತ ಅವರೇ ವಿವರಿಸಿದ್ದಾರೆ. ಅದಕ್ಕಿಂತ ಮೊದಲಿನದು ಒಂದರ ಮೇಲೊಂದು ಬಿದ್ದ ಎರಡು ತ್ರಿಕೋನ. ಅದರ ಗುಲಾಬಿ ತ್ರಿಕೋನ ನಾಜಿಗಳು ಬಂದಿಶಿಬಿರಗಳಲ್ಲಿ ಸಲಿಂಗಿ ಗಂಡಸರ ಬಟ್ಟೆಗೆ ಹೊಲಿಸುತ್ತಿದ್ದ ಗುರುತು. ಆ ಗುರುತನ್ನೇ ತಿರುಗಿಸಿ ಹೆಮ್ಮೆಯಾಗಿ ಮಾಡಿಕೊಂಡವರ ಧೈರ್ಯ ದೊಡ್ಡದು. ಆದರೂ ನನ್ನ ಕೈಮೇಲೆ ಅದು ಬೇಡ. ತ್ರಿಕೋನ ಬೇಡವೆಂದವರು ಎರಡು ಅರ್ಧಚಂದ್ರ ಬಳಸುತ್ತಾರೆ. ಚೆನ್ನಾಗಿದೆ, ಆದರೆ ನನಗೆ ಅದರ ಜೊತೆ ಒಡನಾಟ ಇಲ್ಲ.

ಅಕ್ಷರವೇ ಬೇಕು ಅನ್ನುವುದಕ್ಕೆ ಅಜ್ಜಿ ಕಾರಣ. ಅಜ್ಜಿಯ ಮುಂಗೈ ಮೇಲೆ ಅಜ್ಜನ ಹೆಸರಿನ ಹಚ್ಚೆ ಇತ್ತು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಗಂಡನ ಹೆಸರು ಬಾಯಲ್ಲಿ ಹೇಳುವ ಹಾಗೂ ಇರಲಿಲ್ಲ. ರೇಷನ್ ಕಾರ್ಡಿಗೆ ಹೆಸರು ಬರೆಯಲು ಬಂದವರು ಯಜಮಾನರ ಹೆಸರೇನು ಅಂದರೆ ಸೆರಗು ಸರಿಸಿ ಕೈ ಮುಂದೆ ಚಾಚುತ್ತಿದ್ದಳು. ಬಾಯಿ ಹೇಳಲಾಗದ್ದನ್ನು ಕೈ ಹೇಳುತ್ತಿತ್ತು. ನನಗೂ ಹಾಗೇ ಕೈ ಚಾಚುವಂಥದ್ದು ಬೇಕು.

ಈಗ ಪದಗಳಿಗೆ ಬರುತ್ತೇನೆ.

ಪತ್ರಿಕೆಗಳಲ್ಲಿ ಬರುವುದು ‘ದ್ವಿಲಿಂಗಿ’. ನನಗೆ ಈ ಪದ ಮೊದಲು ಸಿಕ್ಕಿದ್ದು ಹೈಸ್ಕೂಲಿನ ವಿಜ್ಞಾನದ ಪಾಠದಲ್ಲಿ. ದಾಸವಾಳ, ಸಾಸಿವೆ ದ್ವಿಲಿಂಗಿ ಹೂಗಳು. ಪಪ್ಪಾಯಿ, ಕಲ್ಲಂಗಡಿ ಏಕಲಿಂಗಿ. ಅಲ್ಲಿ ಅದರ ಅರ್ಥ, ಗಂಡು ಹೆಣ್ಣು ಎರಡೂ ಭಾಗ ಒಂದೇ ಹೂವಲ್ಲಿ ಇರುವುದು. ಯಾರನ್ನು ಇಷ್ಟಪಡುತ್ತೇನೆ ಅನ್ನುವುದಕ್ಕೂ ನನ್ನ ಮೈ ಹೇಗಿದೆ ಅನ್ನುವುದಕ್ಕೂ ಸಂಬಂಧ ಇಲ್ಲ. ಇಂಗ್ಲಿಷಿನಲ್ಲೂ ಇದೇ ತೊಡಕು ಇತ್ತು. ಆ ಪದವೂ ಮೊದಲು ಹೂ, ಹುಳುಗಳದ್ದೇ. 19ನೇ ಶತಮಾನದ ಕೊನೆಗೆ ಒಲವಿನ ಅರ್ಥ ಸೇರಿತು. ಈಗ ಅಲ್ಲಿ ಹೊಸ ಅರ್ಥವೇ ಮುಂದೆ ನಿಂತಿದೆ. ಕನ್ನಡದಲ್ಲಿ ಇನ್ನೂ ದಾಸವಾಳವೇ ಮುಂದಿದೆ. ಹಾಗಾಗಿ ‘ನಾನು ದ್ವಿಲಿಂಗಿ’ ಅಂದರೆ ಕೇಳಿದವರು ನನ್ನ ಮೈಯನ್ನು ನೋಡುತ್ತಾರೆ. ಇದು ಒಮ್ಮೆ ನಿಜವಾಗಿಯೂ ಆಗಿದೆ, ಹೇಳಿಕೊಳ್ಳಲು ಇಷ್ಟವಿಲ್ಲ.

‘ದ್ವಿಲಿಂಗಕಾಮಿ’, ‘ಉಭಯಲಿಂಗಕಾಮಿ’ ಅಂತಲೂ ಬರೆಯುತ್ತಾರೆ. ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂದ ದಿನ, 2018ರ ಸೆಪ್ಟೆಂಬರ್ 6, ಆಫೀಸಿನಲ್ಲಿ ಕೂತು ಸುದ್ದಿ ನೋಡುತ್ತಿದ್ದೆ. ಕಣ್ಣಲ್ಲಿ ನೀರು. ಆದರೆ ನೋಡಿದಲ್ಲೆಲ್ಲ ‘ಕಾಮ’, ‘ಕಾಮಿ’. ಕಾಮ ಕೆಟ್ಟದ್ದಲ್ಲ, ಪುರುಷಾರ್ಥ ನಾಲ್ಕರಲ್ಲಿ ಅದೂ ಒಂದು. ಆದರೆ ದಿನಬಳಕೆಯಲ್ಲಿ ‘ಕಾಮಿ’ ಬೈಗುಳ. ಹೆಂಡತಿಯನ್ನು ಇಷ್ಟಪಡುವ ಗಂಡನಿಗೆ ಯಾರೂ ಹಾಗೆ ಕರೆಯುವುದಿಲ್ಲ. ಅವನಿಗೆ ಪ್ರೀತಿ, ನಮಗೆ ಕಾಮ, ಇದು ಯಾವ ನ್ಯಾಯ?

ಗೆಳೆಯರ ನಡುವೆ ನಾವು ‘ಬೈ’ ಅಂತಲೇ ಅನ್ನುವುದು. ಮಾತಿನಲ್ಲಿ ಅದು ಸಲೀಸು. ಕನ್ನಡ ಲಿಪಿಯಲ್ಲಿ ಒಂಟಿಯಾಗಿ ಬರೆದರೆ ಮಾತ್ರ ‘ಬಯ್ಯು’ ಅಂತ ಓದುತ್ತಾರೆ. ಸಾಕಷ್ಟು ಬೈಸಿಕೊಂಡಾಗಿದೆ, ಮೈಮೇಲೆ ಬೇಡ.

ಸಂಸ್ಕೃತ ಬಿಟ್ಟು ನಮ್ಮದೇ ‘ಇಬ್’, ‘ಇಮ್’ ಕಡೆ ಹೋದೆ. ಅಲ್ಲಿ ನನಗೆ ನಿಜಕ್ಕೂ ಬೇಸರ ಆಯಿತು. ಇಬ್ಬಗೆ ಅಂದರೆ ಇಬ್ಬಗೆ ನೀತಿ. ಇಬ್ಬಂದಿತನ ಅಂದರೆ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಎರಡು ನಾಲಿಗೆ. ಎರಡು ದೋಣಿ ಮೇಲೆ ಕಾಲು. ಉಭಯ ಅಂದರೂ ಮೊದಲು ನೆನಪಾಗುವುದು ಉಭಯಸಂಕಟ. ಕಾಗದದ ಮೊದಲ ಸಾಲಿನ ‘ಉಭಯಕುಶಲೋಪರಿ’ ಒಂದೇ ಅದರ ಮಾನ ಉಳಿಸಿದ್ದು. ‘ಎರಡು’ ಅಂದ ಕೂಡಲೇ ನಮ್ಮ ಭಾಷೆಗೆ ಅನುಮಾನ ಬರುತ್ತದೆ. ನಮ್ಮಂಥವರಿಗೆ ಜನ ಹೇಳುವ ಮಾತುಗಳೂ ಇವೇ. ತಪ್ಪಿಸಿಕೊಂಡಿರುವುದು ‘ಇಮ್ಮಡಿ’ ಮಾತ್ರ, ಇಮ್ಮಡಿ ಪುಲಕೇಶಿಯ ಕೃಪೆ. ಆದರೆ ‘ಇಮ್ಮಡಿ ಒಲವು’ ಅಂದರೆ ಎರಡು ಪಟ್ಟು ಒಲವು ಅಂತಾಗುತ್ತದೆ. ನನ್ನದು ಎಲ್ಲರಷ್ಟೇ ಒಲವು.

‘ಒಲವು’ ಪದ ಮಾತ್ರ ನನಗೆ ತುಂಬ ಇಷ್ಟ. ಪ್ರೀತಿಯೂ ಅದೇ, ಮನಸ್ಸು ವಾಲುವುದೂ ಅದೇ. ಬೇರೆ ಎಷ್ಟೋ ಭಾಷೆಯವರು ಇದಕ್ಕೆ ಎರಡು ಪದ ಹುಡುಕಬೇಕೇನೋ.

ಹೀಗೆ ಹುಡುಕುತ್ತಿದ್ದಾಗ ಉತ್ತರ ಅನ್ನಬಹುದಾದದ್ದು ಸಿಕ್ಕಿದ್ದು ಅಡುಗೆಮನೆಯಲ್ಲಿ. ದೊಡ್ಡಪ್ಪನ ಮಗಳು, ಅಕ್ಕ, ಬಂದಿದ್ದಳು. ಅವಳಿಗೆ ವಿಷಯ ಹೇಳಿದೆ. ಅವರೆಕಾಳು ಹಿಚುಕುತ್ತಾ ಕೂತಿದ್ದವಳು ಕೇಳಿದಳು: “ಅಂದ್ರೆ ನಿನಗೆ ಹುಡುಗನೋ ಹುಡುಗಿಯೋ ಅಂತ ಇನ್ನೂ ಗೊತ್ತಾಗಿಲ್ವಾ?” ನಾನು ಅಂದೆ: “ಇಲ್ಲ ಅಕ್ಕ. ಹುಡುಗನೂ ಹುಡುಗಿಯೂ.”

ಬಾಯಿಂದ ಬಂದ ಮೇಲೆ ನನಗೇ ಹೊಳೆಯಿತು. ಇಷ್ಟು ವರ್ಷ ಎಲ್ಲರಿಗೂ ವಿವರಿಸಲು ಒದ್ದಾಡಿದ್ದೆಲ್ಲ ‘ಓ’ ಮತ್ತು ‘ಊ’ ನಡುವಿನ ಅಂತರ. ಜನ ನಮ್ಮನ್ನು ಕೇಳಿಸಿಕೊಳ್ಳುವುದು ‘ಓ’ಕಾರದಲ್ಲಿ. ಅವನೋ ಅವಳೋ, ಇವರಿಗೇ ಗೊತ್ತಿಲ್ಲ, ಇನ್ನೂ ತೀರ್ಮಾನ ಆಗಿಲ್ಲ. ನಾವು ಹೇಳುತ್ತಿರುವುದು ‘ಊ’ಕಾರದಲ್ಲಿ. ಅವನೂ ಅವಳೂ. ವ್ಯಾಕರಣದಲ್ಲಿ ಒಂದು ಸಂದೇಹ, ಇನ್ನೊಂದು ಸಮುಚ್ಚಯ, ಅಂದರೆ ಸೇರಿಸಿ ಹೇಳುವುದು. ಶಾಲೆಯಲ್ಲಿ ಈ ಎರಡು ಪದವನ್ನು ಸುಮ್ನೆ ಉರು ಹೊಡೆದಿದ್ದೆ.

ಈ ‘ಊ’ ಎಷ್ಟು ಹಳೆಯದು ಅಂತ ನೋಡಿದರೆ ಹಲ್ಮಿಡಿ ಶಾಸನದಲ್ಲೇ ಇದೆ. ಹಳಗನ್ನಡದಲ್ಲಿ ಅದರ ರೂಪ ‘ಉಂ’. ಬೇಲೂರು ತಾಲೂಕಿನ ಆ ಕಲ್ಲು ಸುಮಾರು ಕ್ರಿ.ಶ. 450ರದ್ದು. ಅದರಲ್ಲಿ ವಿಜ ಅರಸನಿಗೆ ಬಾಳ್ಗಳ್ಚು ಆಗಿ, ಅಂದರೆ ಕತ್ತಿ ತೊಳೆದ ಗೌರವಕ್ಕೆ, ಪಲ್ಮಡಿಯುಂ ಮೂಳಿವಳ್ಳಿಯುಂ ಕೊಟ್ಟರು ಅಂತ ಬರುತ್ತದೆ. ಎರಡೂ ಹಳ್ಳಿ. ಇದೋ ಅದೋ ಅಂತ ಅವತ್ತು ಯಾರೂ ಕೇಳಿರಲಾರರು. ತಮಿಳಿನಲ್ಲೂ ಮಲಯಾಳದಲ್ಲೂ ಇಂದಿಗೂ ‘ಉಂ’ ಹಾಗೇ ಉಳಿದಿದೆ. ಸಾವಿರದೈನೂರು ವರ್ಷದಿಂದ ಕನ್ನಡ ‘ಎರಡೂ’ ಅನ್ನುವುದನ್ನು ಇಷ್ಟು ಹಗುರಾಗಿ ಹೇಳಿಕೊಂಡು ಬಂದಿದೆ. ನಾನು ಹೊಸ ಪದ ಕಟ್ಟಬೇಕಾಗಿಲ್ಲ ಅನ್ನಿಸಿತು.

ಇನ್ನೊಂದು ಅನುಕೂಲವೂ ಇದೆ. ‘ದ್ವಿ’ ಎಣಿಸುತ್ತದೆ. ಎರಡು ಅಂತ ಹೇಳಿ ಬಾಗಿಲು ಹಾಕುತ್ತದೆ. ಆದರೆ ನಮ್ಮಲ್ಲಿ ಬಹಳ ಜನ ಈ ಮಾತನ್ನು ಈಗ ‘ಒಂದಕ್ಕಿಂತ ಹೆಚ್ಚು ಲಿಂಗದವರ ಮೇಲಿನ ಒಲವು’ ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಗಂಡು ಹೆಣ್ಣು ಎರಡರಲ್ಲೂ ತಮ್ಮನ್ನು ಸೇರಿಸಿಕೊಳ್ಳದವರೂ ಇದ್ದಾರೆ. ‘ಊ’ ಎಣಿಸುವುದಿಲ್ಲ, ಸೇರಿಸುತ್ತಾ ಹೋಗುತ್ತದೆ. ಅವಳೂ, ಅವನೂ, ಅವರೂ.

ಬರವಣಿಗೆಯಲ್ಲಿ ‘ಅವನು’ ಮತ್ತು ‘ಅವನೂ’ ನಡುವೆ ಇರುವುದು ಒಂದು ಕೊಂಬಿನ ಇಳಿ ಮಾತ್ರ. ಅವಸರದಲ್ಲಿ ಓದಿದರೆ ಕಾಣುವುದೇ ಇಲ್ಲ, ಬಾವುಟದ ನೇರಳೆಯ ಹಾಗೆ. ಅದರಿಂದ ಒಂದು ವಿನ್ಯಾಸ ಹೊಳೆಯಿತು. ಎರಡು ಸಾಲು. ಮೇಲೆ ‘ಅವಳೂ’, ಗುಲಾಬಿಯಲ್ಲಿ. ಕೆಳಗೆ ‘ಅವನೂ’, ನೀಲಿಯಲ್ಲಿ. ಎರಡರ ಕೊನೆಯ ಕೊಂಬಿನ ಇಳಿ ಮಾತ್ರ ನೇರಳೆ. ಇಬ್ಬರಿಗೂ ಸಮಾನವಾದದ್ದು ಆ ‘ಊ’ ಒಂದೇ ಅಲ್ವಾ. ನಾನು ಹೆಣ್ಣಾದ್ದರಿಂದ ಬಾವುಟದ ಬಣ್ಣಗಳ ಅರ್ಥವೂ ಸರಿಯಾಗಿ ಕೂರುತ್ತದೆ. ವ್ಯಾಕರಣವೂ ಕೂರುತ್ತದೆ: ‘ನನಗೆ ಅವಳೂ ಇಷ್ಟ, ಅವನೂ ಇಷ್ಟ’, ಇದರಲ್ಲಿ ನಡುವಿನದ್ದು ಮಾತ್ರ ಉಳಿಸಿಕೊಂಡ ಹಾಗೆ.

ಕಾಗದದ ಮೇಲೆ ಬರೆದು ಗಂಡನಿಗೆ ತೋರಿಸಿದೆ. ತುಂಬ ಖುಷಿಪಟ್ಟು, “ಅವಳು ಅಂದ್ರೆ ನೀನು, ಅವನು ಅಂದ್ರೆ ನಾನು, ಅಲ್ವಾ?” ಅಂದರು. ನನ್ನ ಮೊದಲ ಪ್ರಶ್ನೆ ಇಲ್ಲಿಂದಲೇ ಹುಟ್ಟಿದ್ದು. ‘ಅವಳೂ ಅವನೂ’ ಅಂದರೆ ಓದುವವರಿಗೆಲ್ಲ ಒಂದು ಜೋಡಿ ಕಾಣುತ್ತದೆಯಾ? ಹಾಗಾದರೆ ನಾನು ಹೇಳಬೇಕೆಂದಿದ್ದಕ್ಕೆ ಪೂರ್ತಿ ಉಲ್ಟಾ ಆಗುತ್ತದೆ.

ಅದಕ್ಕೆ ಇನ್ನೊಂದು ಯೋಚನೆ: ಬರೀ ‘ಅವಳೂ’. ‘ಅವಳೂ ಬಂದಳು’ ಅಂದರೆ ಇನ್ನೊಬ್ಬರು ಬಂದಿದ್ದಾರೆ ಅಂತ ಹೇಳದೆಯೇ ಗೊತ್ತಾಗುತ್ತದೆ. ನನ್ನ ಪಕ್ಕದಲ್ಲಿ ಗಂಡ ನಿಂತಿರುತ್ತಾರೆ, ‘ಅವನು’ ಎಲ್ಲರಿಗೂ ಕಾಣುತ್ತಾನೆ. ಕಾಣದೇ ಹೋಗಿರುವುದು ‘ಅವಳೂ’. ಹಾಸ್ಟೆಲ್ಲಿನ ಮೂರು ವರ್ಷ, ನಾನು ಯಾರಿಗೂ ಹೆಸರು ಹೇಳದವಳು. ಈ ಒಂದು ಪದ ನೋಡಿದಾಗ ನನಗೆ ಎದೆ ತುಂಬಿ ಬರುತ್ತದೆ. ತೊಡಕು ಏನೆಂದರೆ, ಒಂಟಿ ‘ಊ’ಗೆ ಇನ್ನೊಂದು ದನಿಯೂ ಇದೆ. ‘ಅವಳೂ ಹೀಗೆ ಮಾಡಿದಳಾ!’ ಅನ್ನುವಾಗಿನ ‘ಅವಳೂ’. ಅಲ್ಲಿ ಬೆರಗಿದೆ, ಸ್ವಲ್ಪ ನೋವೂ ಇದೆ. ಮುಂದೆ ಹಿಂದೆ ಏನೂ ಇಲ್ಲದೆ ಓದಿದಾಗ ನಿಮಗೆ ಯಾವ ದನಿ ಮೊದಲು ಕೇಳುತ್ತದೆ?

‘ಅವರೂ’ ಅನ್ನುವುದನ್ನೂ ಯೋಚಿಸಿದೆ. ಗಂಡು ಹೆಣ್ಣು ಅನ್ನದೆ ಮರ್ಯಾದೆಯಿಂದ ಒಬ್ಬರನ್ನು ಕರೆಯುವ ಪದ ನಮ್ಮಲ್ಲಿ ಇರುವುದು ದೊಡ್ಡ ಭಾಗ್ಯ. ಆದರೆ ಒಂಟಿಯಾಗಿ ತೀರಾ ಸಪ್ಪೆ ಅನ್ನಿಸಿತು. ಬೇರೆ ಅಭಿಪ್ರಾಯ ಇದ್ದರೆ ಹೇಳಿ.

ಬಣ್ಣದ ಪದಗಳ ಬಗ್ಗೆಯೂ ಒಂದು ಮಾತು. ಗುಲಾಬಿ ಅಂದರೆ ಹಚ್ಚೆಯವರು ತಿಳಿ ಗುಲಾಬಿ ತೋರಿಸುತ್ತಾರೆ. ನನಗೆ ಬೇಕಾದ್ದು ಸೀರೆ ಅಂಗಡಿಯವರು ‘ರಾಣಿ ಕಲರ್’ ಅನ್ನುವುದು. ನಡುವಿನದಕ್ಕೆ ನಾನು ನೇರಳೆ ಅನ್ನುತ್ತಿದ್ದೇನೆ. ಗೆಳತಿಯೊಬ್ಬಳು ‘ಊದಾ’ ಅನ್ನಬೇಕು ಅನ್ನುತ್ತಾಳೆ. ಶಾಲೆಯ ಕಾಮನಬಿಲ್ಲಿನ ಪಟ್ಟಿಯಲ್ಲಿ ಊದಾ ಇರುವುದು ನೀಲಿಗೂ ನೇರಳೆಗೂ ನಡುವೆ. ಊದಾ ‘ಊ’ಯಿಂದಲೇ ಶುರುವಾಗುವುದರಿಂದ ಅದು ನಿಜವಾಗಲಿ ಅಂತ ನನಗೂ ಆಸೆ! ತಿಳಿ ನೇರಳೆ ನಮ್ಮ ಕಂದು ಮೈಮೇಲೆ ಎದ್ದು ಕಾಣುವುದಿಲ್ಲ, ಬೇಗ ಮಾಸುತ್ತದೆ. ಹಣ್ಣಿನ ನೇರಳೆಯಷ್ಟು ಗಾಢ ಮಾಡಿಸಬೇಕು. ಮಜಾ ಎಂದರೆ ‘ಹಚ್ಚೆ’ ಪದದಲ್ಲೇ ಬಣ್ಣ ಇದೆ. ತೆಲುಗಿನವರು ‘ಪಚ್ಚಬೊಟ್ಟು’ ಅನ್ನುತ್ತಾರೆ, ತಮಿಳರು ‘ಪಚ್ಚೈ ಕುತ್ತುವುದು’ ಅನ್ನುತ್ತಾರೆ. ಪಚ್ಚೆ ಅಂದರೆ ಹಸಿರು. ನಮ್ಮ ‘ಹಚ್ಚ ಹಸಿರು’ ಅನ್ನುವ ‘ಹಚ್ಚ’ವೂ ಅದೇ. ಅಜ್ಜಿಯ ಕೈಮೇಲಿನ ಅಕ್ಷರಗಳೂ ಹಸಿರಾಗಿಯೇ ಇದ್ದವು.

ಅಕ್ಷರದ ಬಗ್ಗೆ ಗೊತ್ತಿರುವವರು ಇದ್ದರೆ ದಯವಿಟ್ಟು ಕೈಬರಹದಲ್ಲಿ ಬರೆದು ತೋರಿಸಿ. ಕಂಪ್ಯೂಟರಿನದ್ದನ್ನು ನಾನು ನಂಬುವುದಿಲ್ಲ. ಗೆಳೆಯನೊಬ್ಬ ಒಂದು ಕಡೆ ‘ಹೆಮ್ಮೆ’ ಅಂತ ಹಾಕಿಸಿಕೊಳ್ಳಲು ಹೋಗಿದ್ದ. ಅವರ ಕಂಪ್ಯೂಟರಿನಲ್ಲಿ ಒತ್ತಕ್ಷರ ಒಡೆದು ಎರಡು ‘ಮ’ ಅಕ್ಕಪಕ್ಕ ಬಂದಿತ್ತು. ಯಾರೂ ಗಮನಿಸಲಿಲ್ಲ. ಈಗ ಅದು ಅವನ ಭುಜದ ಮೇಲೆ ಹಾಗೇ ಇದೆ. ‘ಅವಳೂ’ ಪದದಲ್ಲಿ ಒತ್ತಕ್ಷರ ಇಲ್ಲ, ಅದೊಂದು ಸಮಾಧಾನ. ಆದರೆ ಚಿಕ್ಕದಾಗಿ ಬರೆದರೆ ವರ್ಷಗಳಲ್ಲಿ ಶಾಯಿ ಹರಡಿ ಸುರುಳಿಗಳು ಮುಚ್ಚಿಹೋಗುತ್ತವೆ. ‘ಳ’ ಎಷ್ಟು ದೊಡ್ಡದಿದ್ದರೆ ಅದರ ಸುರುಳಿ ಉಳಿಯುತ್ತದೆ?

ಹಚ್ಚೆ ಹಾಕುವವರಿಗೆ ಸೆಪ್ಟೆಂಬರ್ 23ಕ್ಕೆ ಬರುತ್ತೇನೆ ಅಂದಿದ್ದೇನೆ. 1999ರಿಂದ ಆ ದಿನವನ್ನು ನಮ್ಮಂಥವರ ದಿನವಾಗಿ ಆಚರಿಸುತ್ತಾರೆ. ಧಾರವಾಡದ ಕಡೆಯವರು ‘ಆಕಿನೂ’ ಅನ್ನುತ್ತೀರಿ, ಕರಾವಳಿಯವರು ‘ಅವಳು ಸಹ’ ಅನ್ನುವುದನ್ನು ಕೇಳಿದ್ದೇನೆ. ನಿಮ್ಮ ಕಿವಿಗೆ ಬರೀ ‘ಅವಳೂ’ ಹೇಗೆ ಕೇಳುತ್ತದೆ, ಅಷ್ಟರೊಳಗೆ ಬರೆಯುತ್ತೀರಾ?