ಅಪ್‌ಡೇಟ್: ಮೊಂಡು ಡ್ರಿಲ್ ಬಿಟ್ ಕೊನೆಗೂ ಕಬ್ಬಿಣ ಕೊರೆಯಿತು

ಗ್ರೈಂಡರಿನಲ್ಲಿ ಮಸೆದ 8 ಮಿ.ಮೀ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್ ಎಂಬ ಗಟ್ಟಿ ಉಕ್ಕಿನ) ಬಿಟ್ ಗೇಟಿನ ಕಬ್ಬಿಣದ ಪಟ್ಟಿಯನ್ನು ಕೊರೆಯದೆ ಬರೀ ಕಿರುಚುತ್ತದೆ ಎಂದು ಹೋದ ವಾರ ಅಲವತ್ತುಕೊಂಡಿದ್ದೆ. ಈಗ ಕೊರೆಯುತ್ತಿದೆ.

"ಇನ್ನೂ ಜೋರಾಗಿ ಒತ್ತಿ" ಎಂದವರಿಗೆ ನಮಸ್ಕಾರ. ಬಿಟ್ ಕಾದು ನೀಲಿಯಾಯಿತು, ಅಷ್ಟೇ. ಡ್ರಿಲ್‌ಗೆ ಸಿಕ್ಕಿಸುವ ಅಗ್ಗದ ಶಾರ್ಪನರ್ ಕೂಡ ದಂಡ. ತುದಿಯಲ್ಲಿ ಕೊರೆಯುವ ಎರಡು ಅಂಚುಗಳೂ ಒಂದೇ ಉದ್ದಕ್ಕೆ ಬರಲಿಲ್ಲ, ತೂತು 8ರ ಬದಲು ಅಗಲವಾಗಿ ಕೂತಿತು. ಆರು ಮೂಲೆಯ ಎರಡು ನಟ್‌ಗಳನ್ನು ಒತ್ತಾಗಿಟ್ಟು, ನಡುವಿನ 120 ಡಿಗ್ರಿ ಸಂದಿಯಲ್ಲಿ ತುದಿಯನ್ನು ಕೂರಿಸಿ ನೋಡಿ ಎಂಬ ಸಲಹೆ ಮಾತ್ರ ಚಿನ್ನದಂಥದ್ದು. ತುದಿಯ ಕೋನ ಬೇಕಾದದ್ದು 118 ಡಿಗ್ರಿ. ಆ ಎರಡು ಡಿಗ್ರಿಯನ್ನು ನನ್ನ ಕಣ್ಣಂತೂ ಗುರುತಿಸದು.

ಆದರೆ ಕೋನ ಸರಿಯಾದ ಮೇಲೂ ಕಿರುಚಾಟ ನಿಲ್ಲಲಿಲ್ಲ! ಮಲ್ಪೆಯಲ್ಲಿ ದೋಣಿ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಬೆಳಕಿಗೆ ಹಿಡಿದು ನಕ್ಕರು: "ಅಂಚು ಉಂಟು ಮಾರಾಯರೆ, ಹಿಂಬದಿ ತಗ್ಗಲೇ ಇಲ್ಲವಲ್ಲ." ಅಂಚಿಗಿಂತ ಅದರ ಹಿಂದಿನ ಭಾಗವೇ ಎತ್ತರವಾಗಿದ್ದರೆ ಅದೇ ಕಬ್ಬಿಣಕ್ಕೆ ಉಜ್ಜುತ್ತದೆ, ಅಂಚು ತಾಗುವುದೇ ಇಲ್ಲ. ಅಂಚನ್ನು ಕಲ್ಲಿಗೆ ತಾಗಿಸಿದ ಮೇಲೆ ಬಿಟ್ಟಿನ ಬಾಲವನ್ನು ಮೆಲ್ಲಗೆ ಕೆಳಗಿಳಿಸುತ್ತಾ ಮಸೆಯಬೇಕಂತೆ. ಇನ್ನೊಂದು ಗೊತ್ತಿರಲಿಲ್ಲ: ಕಾದು ಕೆಂಪಾದ ಎಚ್‌ಎಸ್‌ಎಸ್ ಬಿಟ್ಟನ್ನು ನೀರಿಗೆ ಅದ್ದಿದರೆ ಸಣ್ಣ ಬಿರುಕು ಬೀಳಬಹುದು.

ಮೂರನೆಯ ಪ್ರಯತ್ನಕ್ಕೆ ಎರಡೂ ಕಡೆಯಿಂದ ಚಕ್ಕುಲಿಯಂಥ ಸುರುಳಿ ಬಂತು. ಗೇಟಿಗೆ ಚಿಲಕವೂ ಬಿತ್ತು.