ಬಿಚ್ಚಿಟ್ಟ ಅಂಗಿ ಎದ್ದು ನಡೆದ್ರೆ

ನಿನ್ನೆ ರಾತ್ರಿ ಐದು ಜನ ಸೇರಿದ್ವಿ. ಲೆಕ್ಕಕ್ಕೆ ಐದು, ಮಾತಿಗೆ ನಾಲ್ಕೇ, ಯಾಕಂದ್ರೆ ಕುಂಭಕರ್ಣ ಬಂದ ಹತ್ತು ನಿಮಿಷಕ್ಕೇ ಮೂಲೆಲಿದ್ದ ದಿಂಬು ಎಳ್ಕೊಂಡು ಗೊರಕೆ ಶುರು ಮಾಡಿದ್ದ. ಉಳಿದೋರು ಮೇಷ್ಟ್ರು (ಪಾಠ ಮಾಡಿದ್ದು ಎರಡೇ ವರ್ಷ, ಆ ದನಿ ಮಾತ್ರ ಇನ್ನೂ ಇಳಿದಿಲ್ಲ), ಲ್ಯಾಬಲ್ಲಿ ಕೆಲಸ ಮಾಡೋ ನಮ್ಮ ಡಾಕ್ಟ್ರಮ್ಮ, ಆಡಿಟರ್, ಮತ್ತೆ ನಾನು. ಯಾವುದೋ ವ್ಯಾಂಪೈರ್ ಸಿನಿಮಾ ಹಾಕಿ ಅರ್ಧಕ್ಕೇ ಬೋರಾಗಿ ಆಫ್ ಮಾಡಿದ್ವಿ. ಸಿನಿಮಾ ಆಫ್ ಆಯ್ತು, ಇವ್ರ ಬಾಯಿ ಆನ್ ಆಯ್ತು.

"ಇದು ಲೆಕ್ಕಕ್ಕೇ ಕೂರಲ್ಲ ಕಣ್ರೋ" ಅಂದ ಆಡಿಟರ್. "ಒಂದೇ ಒಂದು ವ್ಯಾಂಪೈರ್ ಇದೆ ಅನ್ಕೊಳ್ಳಿ, ಪಾಪ ಜಾಸ್ತಿ ಆಸೆ ಇಲ್ಲ, ತಿಂಗಳಿಗೆ ಒಬ್ರನ್ನ ಮಾತ್ರ ಕಚ್ಚತ್ತೆ, ಕಚ್ಚಿಸ್ಕೊಂಡೋನೂ ವ್ಯಾಂಪೈರ್ ಆಗ್ತಾನೆ, ಅವನೂ ತಿಂಗಳಿಗೊಬ್ರನ್ನ ಕಚ್ತಾನೆ. ಒಂದು ಎರಡಾಯ್ತು, ಎರಡು ನಾಲ್ಕಾಯ್ತು, ಹಿಂಗೇ ಡಬಲ್ ಆಗ್ತಾ ಹೋದ್ರೆ 33ನೇ ತಿಂಗಳಿಗೆ 858 ಕೋಟಿ ದಾಟತ್ತೆ. ಭೂಮಿ ಮೇಲೆ ಅಷ್ಟು ಜನಾನೇ ಇಲ್ಲ. ಮೂರು ವರ್ಷ ತುಂಬೋ ಮೊದ್ಲೇ ಎಲ್ಲಾ ವ್ಯಾಂಪೈರುಗಳೇ, ಕುಡಿಯೋಕೆ ರಕ್ತ ಮಾತ್ರ ಇಲ್ಲ. ಚೈನ್ ಸ್ಕೀಮು ಕಣ್ರೋ, ಚೈನ್ ಸ್ಕೀಮು!"

"ನೀನು ಸತ್ರೂ ಲೆಕ್ಕ ಬಿಡಲ್ಲ" ಅಂದೆ ನಾನು.

"ಸತ್ರೂ ಲೆಕ್ಕ ಬಿಡದೇ ಇರೋದು ವ್ಯಾಂಪೈರೇ" ಅಂದ್ಲು ಡಾಕ್ಟ್ರಮ್ಮ. "ಯುರೋಪಿನ ಹಳ್ಳಿ ಕಡೆ ಸಮಾಧಿಲಿ ಗಸಗಸೆ ಚೆಲ್ತಿದ್ರು, ಅದು ಎದ್ರೆ ಒಂದೊಂದೇ ಕಾಳು ಎಣಿಸ್ತಾ ಕೂರಬೇಕು, ಅಷ್ಟ್ರಲ್ಲಿ ಬೆಳಗಾಗತ್ತೆ ಅಂತ." ಆಡಿಟರ್ ಮುಖದಲ್ಲಿ ಮೊದಲ ಸಲ ವ್ಯಾಂಪೈರ್ ಬಗ್ಗೆ ಸ್ವಲ್ಪ ಅಭಿಮಾನ ಕಾಣ್ತು.

ಆಮೇಲೆ ಅವಳು ಹೇಳಿದ ಕಥೆ ಇದೆಯಲ್ಲ, ಕಥೆ ಅಲ್ಲ ಅದು, ಸರ್ಕಾರಿ ವರದಿ. 1725, ಸೆರ್ಬಿಯಾದ ಕಿಸಿಲ್ಯೆವೊ ಅನ್ನೋ ಹಳ್ಳಿ, ಆಗ ಅಲ್ಲಿ ಆಸ್ಟ್ರಿಯಾದೋರ ಆಡಳಿತ. ಪೆಟಾರ್ ಬ್ಲಾಗೊಯೆವಿಚ್ ಅನ್ನೋ ರೈತ ಸತ್ತ, ಹೂತರು. ಅದಾದ್ಮೇಲೆ ಎಂಟು ದಿನದೊಳಗೆ ಒಂಬತ್ತು ಜನ ಹೋದ್ರು, ಸಾಯೋ ಮುಂಚೆ ಅವರೆಲ್ಲ ಪೆಟಾರ್ ಬಂದು ಕತ್ತು ಅಮುಕಿದ ಅಂದ್ರಂತೆ. ಅವನ ಹೆಂಡ್ತಿ ಹೇಳಿದ್ದು ಇನ್ನೂ ಚೆನ್ನಾಗಿದೆ, ಅವನು ರಾತ್ರಿ ಬಂದು ಕೇಳಿದ್ದು ರಕ್ತ ಅಲ್ಲ, "ನನ್ನ ಚಪ್ಪಲಿ ಕೊಡು" ಅಂತ. ಅವಳು ಮರು ಮಾತಾಡದೆ ಊರು ಬಿಟ್ಟು ಬೇರೆ ಹಳ್ಳಿಗೆ ಹೋಗ್ಬಿಟ್ಲು.

"ಸತ್ತ ಮೇಲೂ ಗಂಡಸ್ರಿಗೆ ತಮ್ಮ ಚಪ್ಪಲಿ ಎಲ್ಲಿದೆ ಅಂತ ಗೊತ್ತಿರಲ್ಲ ನೋಡಿ" ಅಂತ ಸೇರಿಸಿದ್ಲು. ಇದು ವರದಿಲಿ ಇಲ್ಲ, ಅವಳ ಸ್ವಂತದ್ದು.

ಊರೋರು ಸಮಾಧಿ ಅಗೀಬೇಕು ಅಂದ್ರು. ಅಲ್ಲಿದ್ದ ಅಧಿಕಾರಿ ಬೆಲ್‌ಗ್ರೇಡಿಂದ ಪರ್ಮಿಷನ್ ಬರ್ಲಿ ತಾಳಿ ಅಂದ, ಅಷ್ಟೊತ್ತಿಗೆ ಊರೇ ಖಾಲಿ ಆಗತ್ತೆ ಅಂತ ಅವ್ರು ಕೇಳಲಿಲ್ಲ, ಸರಿ ಇವನೂ ಪಾದ್ರಿನ ಕರ್ಕೊಂಡು ಹೋದ. ಅಗೆದು ನೋಡಿದ್ರೆ ಹೆಣ ಫ್ರೆಶ್ಶಾಗಿದೆ, ಹಳೇ ಚರ್ಮ ಸುಲಿದು ಒಳಗೆ ಹೊಸದು ಬಂದಿದೆ, ಬಾಯಲ್ಲಿ ರಕ್ತ. ಎದೆಗೆ ಗೂಟ ಹೊಡೆದು ಸುಟ್ಟೇ ಬಿಟ್ರು. ವರದಿ ಕೊನೇಲಿ ಆ ಅಧಿಕಾರಿ ಏನು ಬರೆದ ಗೊತ್ತಾ, ಇದ್ರಲ್ಲಿ ಏನಾದ್ರೂ ತಪ್ಪಾಗಿದ್ರೆ ಅದು ನನ್ನದಲ್ಲ, ಭಯದಿಂದ ತಲೆ ಕೆಟ್ಟಿದ್ದ ಆ ಜನರದ್ದು ಅಂತ. ವ್ಯಾಂಪೈರ್ ಇತ್ತೋ ಇಲ್ವೋ, ಆ ಅಧಿಕಾರಿ ಮಾತ್ರ ಖಂಡಿತ ಇದ್ದ, ಇವತ್ತಿಗೂ ಎಲ್ಲಾ ಆಫೀಸಲ್ಲೂ ಇದಾನೆ. ಅಮರತ್ವ ಅಂದ್ರೆ ಅದು.

"ಅದ್ರಲ್ಲಿ ಪವಾಡ ಏನೂ ಇಲ್ಲ" ಅಂತ ಡಾಕ್ಟ್ರಮ್ಮ ಬಿಡಿಸಿ ಹೇಳಿದ್ಲು. ಹೆಣ ಕೊಳೆಯೋವಾಗ ಒಳಗೆ ಗ್ಯಾಸ್ ತುಂಬಿ ಉಬ್ಬತ್ತೆ, ಅದಕ್ಕೇ ಚೆನ್ನಾಗಿ ಕುಡಿದು ತಿಂದು ದಪ್ಪ ಆಗಿರೋ ಹಾಗೆ ಕಾಣೋದು. ಅದೇ ಒತ್ತಡಕ್ಕೆ ಒಳಗಿನ ಕೆಂಪು ದ್ರವ ಬಾಯಿ ಮೂಗಿಂದ ಬರತ್ತೆ. ಚರ್ಮ ಒಣಗಿ ಹಿಂದಕ್ಕೆ ಸರಿಯತ್ತೆ, ಉಗುರು ಹಲ್ಲು ಬೆಳೆದಂಗೆ ಕಾಣತ್ತೆ. ಗೂಟ ಹೊಡೆದಾಗ ಆ ಗ್ಯಾಸು ಗಂಟಲಿಂದ ಹೊರಗೆ ಬಂದ್ರೆ "ಆಹ್" ಅಂತ ಸದ್ದೂ ಬರಬಹುದು. 1755ರಲ್ಲಿ ಆಸ್ಟ್ರಿಯಾದ ಮರಿಯಾ ತೆರೇಸಾ ರಾಣಿ ತನ್ನ ವೈದ್ಯ ವಾನ್ ಸ್ವೀಟನ್ ಕೈಲಿ ಇಂಥದ್ದೇ ಒಂದು ಗಲಾಟೆ ತನಿಖೆ ಮಾಡಿಸಿ, ಎಲ್ಲಾ ಬರೀ ಮೂಢನಂಬಿಕೆ ಅಂತ ಗೊತ್ತಾದ್ಮೇಲೆ ಹೆಣ ಅಗೆದು ಸುಡೋದನ್ನೆಲ್ಲ ನಿಲ್ಲಿಸಿದ್ಲು.

ಅಲ್ಲಿಗೆ ಮುಗೀಬೇಕಿತ್ತು. ಆದ್ರೆ ಮೇಷ್ಟ್ರು ಗಂಟಲು ಸರಿ ಮಾಡ್ಕೊಂಡ್ರು. ಅವ್ರು ಗಂಟಲು ಸರಿ ಮಾಡ್ಕೊಂಡ್ರೆ ಕನಿಷ್ಠ ಅರ್ಧ ಗಂಟೆ.

"ನೀವು ಹೆಣದ ವಿಚಾರ ಹೇಳಿದ್ರಿ, ಆತ್ಮದ ವಿಚಾರ ಯಾರು ಹೇಳೋದು? ಹಳೇ ಬಟ್ಟೆ ಬಿಚ್ಚಿ ಹೊಸ ಬಟ್ಟೆ ಹಾಕ್ಕೊಳೋ ಹಾಗೆ ಆತ್ಮ ದೇಹ ಬದಲಾಯಿಸತ್ತೆ ಅಂತಾನೆ ಕೃಷ್ಣ. ಸರಿ, ಬಟ್ಟೆ ಇಲ್ಲದೆ ಓಡಾಡೋದು ದೆವ್ವ. ಬಿಚ್ಚಿ ಮೂಲೆಗೆಸೆದ ಅಂಗಿನೇ ಎದ್ದು ಗುಂಡಿ ಹಾಕ್ಕೊಂಡು ವಾಕಿಂಗ್ ಹೊರಟ್ರೆ? ಅದು ವ್ಯಾಂಪೈರು."

ಒಂದು ನಿಮಿಷ ಯಾರೂ ಮಾತಾಡ್ಲಿಲ್ಲ, ಗೊರಕೆ ಒಂದೇ. ನನಗಂತೂ ಹೊಟ್ಟೆ ಒಳಗೆ ಏನೋ ಆಯ್ತು. ಯಾಕಂದ್ರೆ ಆ ಅಂಗಿ ಬರೀ ನಡೆಯಲ್ವಲ್ಲ, ಮಾತಾಡತ್ತೆ, ಹೆಂಡ್ತಿ ಮನೆ ದಾರಿ ನೆನಪಿಟ್ಕೊಂಡಿರತ್ತೆ, ಚಪ್ಪಲಿ ಕೇಳತ್ತೆ, ಗಸಗಸೆ ಚೆಲ್ಲಿದ್ರೆ ಎಣಿಸದೆ ಇರೋಕಾಗದೆ ಒದ್ದಾಡತ್ತೆ. ಇಷ್ಟೆಲ್ಲ ಆತ್ಮ ಇಲ್ದೇನೇ ನಡಿಯತ್ತೆ ಅಂದ್ರೆ, ಮತ್ತೆ ಆತ್ಮ ಒಳಗೆ ಕೂತು ಮಾಡ್ತಿದ್ದ ಕೆಲಸ ಆದ್ರೂ ಏನು?

"ತೂಕ ಕೊಡ್ತಿತ್ತು" ಅಂದ ಆಡಿಟರ್. "21 ಗ್ರಾಂ. ಸೈನ್ಸೇ ಹೇಳಿದೆ."

ಡಾಕ್ಟ್ರಮ್ಮ ಸಿಡುಕಿದ್ಲು. "ಯಾವ ಸೈನ್ಸು? ಮ್ಯಾಸಚೂಸೆಟ್ಸಿನ ಮ್ಯಾಕ್‌ಡುಗಲ್ ಅನ್ನೋ ಡಾಕ್ಟ್ರು ಸಾಯ್ತಿರೋರನ್ನ ಮಂಚದ ಸಮೇತ ತಕ್ಕಡಿ ಮೇಲಿಟ್ಟು, ಜೀವ ಹೋದಾಗ ತೂಕ ಎಷ್ಟು ಇಳಿಯತ್ತೆ ಅಂತ ನೋಡಿ 1907ರಲ್ಲಿ ಛಾಪಿಸಿದ್ದು. ಒಟ್ಟು ಆರೇ ಜನ, ಇಬ್ಬರ ಲೆಕ್ಕ ಅವನೇ ಕೈಬಿಟ್ಟ, ಉಳಿದೋರಲ್ಲೂ ಒಬ್ರ ಹಾಗೆ ಇನ್ನೊಬ್ರದ್ದಿಲ್ಲ, 21 ಗ್ರಾಂ ಬಂದಿದ್ದು ಮೊದಲನೇ ಅವನಲ್ಲಿ. ನೀನು ಇಂಥ ಆಡಿಟ್ ಪಾಸ್ ಮಾಡ್ತೀಯಾ?"

"ಮಾಡಲ್ಲ" ಅಂತ ಒಪ್ಕೊಂಡ.

"ಹದಿನೈದು ನಾಯಿಗಳನ್ನೂ ತೂಗಿದ. ಏನೂ ಕಮ್ಮಿ ಆಗ್ಲಿಲ್ಲ, ಹಂಗಾಗಿ ನಾಯಿಗೆ ಆತ್ಮ ಇಲ್ಲ ಅಂತ ತೀರ್ಮಾನ."

ಇದಕ್ಕೆ ಮಾತ್ರ ನಾಲ್ಕೂ ಜನ ಒಂದೇ ಪಾರ್ಟಿ. ನಾಯಿಗೆ ಆತ್ಮ ಇಲ್ವಂತೆ, ತಕ್ಕಡಿ ಇಟ್ಕೊಂಡು ಕಾಯ್ತಾ ಕೂತಿದ್ದ ಆ ಮನುಷ್ಯಂಗೆ ಇದೆಯಂತೆ!

"ಬೇತಾಳನ್ನ ಮರೀಬೇಡಿ" ಅಂದೆ, ನನಗೂ ಏನಾದ್ರೂ ಹೇಳಬೇಕಲ್ಲ. "ಅವನೂ ಹೆಣದೊಳಗೆ ಇರೋದು. ಆದ್ರೆ ಬೇರೆಯವರ ಹೆಣ. ವ್ಯಾಂಪೈರಿಗೆ ಸ್ವಂತ ಮನೆ, ಬೇತಾಳಂಗೆ ಬಾಡಿಗೆ ಮನೆ. ಅದಕ್ಕೇ ಬೇತಾಳ ಹಗುರ, ರಾಜನ ಹೆಗಲ ಮೇಲೆ ಕೂತು ಕಥೆ ಹೇಳ್ತಾನೆ, ಕೊನೇಲೊಂದು ಪ್ರಶ್ನೆ ಹಾಕ್ತಾನೆ. ವ್ಯಾಂಪೈರು ಕುತ್ತಿಗೆ ಒಂದೇ ನೋಡೋದು."

"ಅದೂ ಅಲ್ದೆ ಸುಡೋ ಕಡೆ ವ್ಯಾಂಪೈರಿಗೆ ಸ್ಕೋಪೇ ಇಲ್ಲ" ಅಂದ ಆಡಿಟರ್. ಅದಕ್ಕೆ ಮೇಷ್ಟ್ರು ತಕ್ಷಣ ಚಾರ್ವಾಕರನ್ನ ಎಳ್ಕೊಂಡು ಬಂದ್ರು, "ಭಸ್ಮೀಭೂತಸ್ಯ ದೇಹಸ್ಯ ಪುನರಾಗಮನಂ ಕುತಃ", ಬೂದಿಯಾದ ದೇಹ ಎಲ್ಲಿಂದ ವಾಪಸ್ ಬರತ್ತೆ ಅಂತ. ತಮಾಷೆ ನೋಡಿ, ಆತ್ಮಾನೂ ಇಲ್ಲ ಪರಲೋಕಾನೂ ಇಲ್ಲ ಅಂದ ಚಾರ್ವಾಕರೂ, ಸತ್ತೋನು ಎದ್ದು ಬರ್ತಾನೆ ಅಂತ ಗೂಟ ಹಿಡ್ಕೊಂಡು ಓಡಾಡ್ತಿದ್ದ ಕಿಸಿಲ್ಯೆವೊ ಜನರೂ ಇದೊಂದ್ರಲ್ಲಿ ಪೂರ್ತಿ ಒಮ್ಮತ. ಸುಟ್ಬಿಡಿ, ಆಮೇಲೆ ತಂಟೆ ಇಲ್ಲ.

"ಹಾಗಾದ್ರೆ ಸತ್ತ ಮೇಲೆ ಏನಾದ್ರೂ ಇದೆಯೋ ಇಲ್ವೋ, ಅದನ್ನ ಹೇಳಿ ಮೇಷ್ಟ್ರೇ" ಅಂದ್ಲು ಡಾಕ್ಟ್ರಮ್ಮ.

"ಆ ಪ್ರಶ್ನೆಗೆ ಯಮಾನೇ ಮೊದ್ಲು ತಪ್ಪಿಸ್ಕೊಳ್ಳೋಕೆ ನೋಡಿದಾನೆ ಕಣಮ್ಮ. ಕಠೋಪನಿಷತ್ತಲ್ಲಿ ನಚಿಕೇತ ಇದನ್ನೇ ಮೂರನೇ ವರ ಕೇಳಿದ್ದು, ಸತ್ತೋನು ಇದಾನೆ ಅಂತಾರೆ ಕೆಲವ್ರು, ಇಲ್ಲ ಅಂತಾರೆ ಕೆಲವ್ರು, ನೀನು ಹೇಳು ಅಂತ. ಯಮ ಏನಂದ? ದೇವತೆಗಳಿಗೇ ಇದ್ರಲ್ಲಿ ಡೌಟಿತ್ತು, ಬೇರೆ ಏನಾದ್ರೂ ಕೇಳಪ್ಪಾ ಅಂದ. ಆನೆ ತಗೋ, ಕುದುರೆ ತಗೋ, ಚಿನ್ನ ತಗೋ ಅಂದ."

"ಡಿಪಾರ್ಟ್‌ಮೆಂಟ್ ಹೆಡ್ಡೇ ಲಂಚ ಕೊಟ್ನಾ!" ಅಂತ ಆಡಿಟರ್ ಎದ್ದು ಕೂತ.

"ಇನ್ನೂ ಕೇಳು. ನಿನಗೆ ಎಷ್ಟು ವರ್ಷ ಬೇಕೋ ಅಷ್ಟು ವರ್ಷ ಬದುಕು ಅಂದ. ವ್ಯಾಂಪೈರಿಗೆ ಸಿಕ್ಕಿರೋದೂ ಇದೇ ಆಫರ್ ಅಲ್ವೇನೋ? ಅದು ಸೈನ್ ಹಾಕ್ತು. ಆ ಹುಡುಗ ಹಾಕ್ಲಿಲ್ಲ. ಎಷ್ಟು ಕೊಟ್ರೂ ಆಯಸ್ಸು ಕಮ್ಮಿನೇ, ನಿನ್ನ ಕುದುರೆ, ಹಾಡು ಕುಣಿತ ಎಲ್ಲಾ ನೀನೇ ಇಟ್ಕೋ, ನಾನು ಕೇಳಿದ್ದಕ್ಕೆ ಉತ್ತರ ಹೇಳು ಅಂದ."

"ಅಂದ್ರೆ ವ್ಯಾಂಪೈರಿಗೆ ಆ ಉತ್ತರ ಯಾವತ್ತೂ ಗೊತ್ತಾಗಲ್ಲ" ಅಂದೆ. "ಎಲ್ರಿಗೂ ಒಂದಿನ ಗೊತ್ತಾಗತ್ತೆ. ಇಲ್ಲಾಂದ್ರೆ, ಏನೂ ಇಲ್ಲ ಅನ್ನೋದಾದ್ರೆ, ಗೊತ್ತಾಗೋಕೆ ನಾವೇ ಇರಲ್ಲ. ಇವನು ಮಾತ್ರ ಬಾಗಿಲಲ್ಲೇ ನಿಂತಿರ್ತಾನೆ, ಒಳಗೂ ಇಲ್ಲ ಹೊರಗೂ ಇಲ್ಲ."

"ಬಾಗಿಲಲ್ಲಿ ಅಂದ್ಯಾ" ಅಂತ ಡಾಕ್ಟ್ರಮ್ಮ ಮೆಲ್ಲಗೆ ಕೇಳಿದ್ಲು. ಗೊರಕೆ ಯಾವಾಗ ನಿಂತಿತ್ತೋ ನಮಗ್ಯಾರಿಗೂ ಗೊತ್ತಾಗಿರಲಿಲ್ಲ. ಮೂಲೆಲಿ ದಿಂಬು ಒಂದೇ ಇತ್ತು. ಬಾಗಿಲ ಹತ್ರ ಕತ್ತಲಲ್ಲಿ ಒಂದು ಆಕಾರ ಬಗ್ಗಿ ಏನೋ ತಡಕಾಡ್ತಿತ್ತು.

"ಲೇ" ಅಂತು ಅದು, ನಿದ್ದೆ ಗಂಟಲಲ್ಲಿ. "ನನ್ನ ಚಪ್ಪಲಿ ಎಲ್ರೋ?"

ಆಡಿಟರ್ ಕಾಲು ಮೇಲೆತ್ಕೊಂಡ. ಮೇಷ್ಟ್ರಿಗೆ ಶ್ಲೋಕ ಯಾವುದೂ ನೆನಪಾಗ್ಲಿಲ್ಲ. ಗ್ಯಾಸು, ಒತ್ತಡ, ಕೆಂಪು ದ್ರವ ಅಂತ ಅಷ್ಟು ಹೊತ್ತು ಪಾಠ ಮಾಡಿದ ಡಾಕ್ಟ್ರಮ್ಮನೇ ಮೊದ್ಲು ಬಾಯಿ ಬಿಟ್ಟಿದ್ದು:

"ಮೊದ್ಲು ಹುಡುಕಿ ಕೊಡ್ರೋ ಅವನ್ದು. ನನಗೆ ಊರು ಬಿಟ್ಟು ಹೋಗೋಕಾಗಲ್ಲ."